ಪಂಡಿತಾ ರಮಾಬಾಯಿ: ನೊಂದವರಿಗೆ ಬಾಗಿಲು ತೆರೆದ ತಾಯಿ

ಪುಣೆಯಿಂದ ಸೊಲ್ಲಾಪುರ, ಕಲಬುರ್ಗಿಯ ಮಾರ್ಗವಾಗಿ ಊರಿಗೆ ಹೋಗುವ ನಮ್ಮವರು ದೌಂಡ್ ಜಂಕ್ಷನ್ನಿಗೆ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ದಾಟುತ್ತಾರೆ. ಆ ಊರಿನಲ್ಲಿ ‘ಮುಕ್ತಿ’ ಎಂಬ ಹೆಸರಿನ ಸಂಸ್ಥೆಯೊಂದಿದೆ. ಅದನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರವು ತನ್ನವರೆಂದು ಅಭಿಮಾನಪಡುವ ಈ ಮಹಿಳೆ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಈ ಸಂಗತಿಯನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು?

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳ ಗ್ರಾಮದವರು. ಚಿತ್ಪಾವನ ಬ್ರಾಹ್ಮಣರು, ದೊಡ್ಡ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅವರ ಅಪರಾಧವಾಯಿತು. ಊರವರ ವಿರೋಧದಿಂದ ಬೇಸತ್ತು ಅವರು ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. ಅಲ್ಲಿ 1858ರ ಏಪ್ರಿಲ್ 23ರಂದು ರಮೆ ಜನಿಸಿದಳು. ಮಗು ಇನ್ನೂ ಎಳೆಯದಾಗಿರುವಾಗಲೇ ಕುಟುಂಬವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಡಬೇಕಾಯಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಪುರಾಣ ಹೇಳುತ್ತ ಊರಿಂದೂರಿಗೆ ನಡೆಯುವುದೇ ಬಾಳಾಯಿತು. ತಾಯಿಯೇ ಗುರುವಾಗಿ ಮಗಳಿಗೆ ಸಂಸ್ಕೃತ ಕಲಿಸಿದರು.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಉತ್ತರ ಭಾರತವನ್ನೆಲ್ಲ ನಡೆದು 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ, ಬೆರಗಾಗಿ, ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿಯ ಕಟ್ಟನ್ನು ದಾಟಿ ಬಂಗಾಳದ ವಕೀಲ ವಿಪಿನ ಬಿಹಾರಿ ದಾಸ್ ಮೇಧಾವಿಯವರನ್ನು ಕಾಯಿದೆಯ ಪ್ರಕಾರ ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಕಾಲರಾ ಪತಿಯನ್ನು ಕೊಂಡೊಯ್ದಿತು. ಇಪ್ಪತ್ತಮೂರರ ವಿಧವೆ, ಮಡಿಲಲ್ಲಿ ಮನೋರಮೆ ಎಂಬ ಹಸುಗೂಸು.

ಪುಣೆಗೆ ಬಂದ ರಮಾಬಾಯಿಯವರು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಪಾಠ ಹೇಳಲು ಶಿಕ್ಷಕಿಯರೂ ಚಿಕಿತ್ಸೆಗೆ ಮಹಿಳಾ ವೈದ್ಯರೂ ಬೇಕೆಂದು ವಾದಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ, ವೈದ್ಯಪದವಿ ಪಡೆಯಲಿದ್ದ ಆನಂದೀಬಾಯಿ ಜೋಶಿಯವರನ್ನು ಕಾಣಲು ಅಮೆರಿಕೆಗೆ ಹೋದರು.

ಆ ದಿನಗಳಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ರಖಮಾಬಾಯಿಯವರ ಮೊಕದ್ದಮೆ ನಡೆದಿತ್ತು. ಹನ್ನೊಂದರ ವಯಸ್ಸಿನಲ್ಲಿ ಮದುವೆಯಾಗಿ, ಬುದ್ಧಿ ಬಂದ ಮೇಲೆ ಗಂಡನ ಮನೆಗೆ ಹೋಗಲೊಲ್ಲದ ಹೆಣ್ಣು ಅವರು. 1887ರಲ್ಲಿ ನ್ಯಾಯಾಲಯವು ಗಂಡನ ಮನೆಗೆ ಹೋಗು, ಇಲ್ಲವಾದರೆ ಸೆರೆಮನೆಗೆ ಹೋಗು ಎಂಬರ್ಥದ ತೀರ್ಪನ್ನಿತ್ತಿತು. ಮರುವರ್ಷ ಹಣದ ರಾಜಿಯಿಂದ ಬಿಡುಗಡೆ ಹೊಂದಿದ ರಖಮಾಬಾಯಿ ಮುಂದೆ ಹೆಸರಾಂತ ಡಾಕ್ಟರಾದರು. ರಮಾಬಾಯಿಯವರು 1887ರಲ್ಲಿ ಇಂಗ್ಲಿಷಿನಲ್ಲಿ ಬರೆದ, ಮೇಲ್ಜಾತಿಯ ಹಿಂದೂ ಸ್ತ್ರೀಯ ಬಾಳನ್ನು ಚಿತ್ರಿಸುವ ಗ್ರಂಥದಲ್ಲಿ ಈ ಮೊಕದ್ದಮೆಯನ್ನೂ ಎತ್ತಿಕೊಂಡು ಖಂಡಿಸಿದರು. ರಖಮಾಬಾಯಿಗೆ ನಿಲ್ಲಲು ತವರಿತ್ತು. ತವರೂ ಇಲ್ಲದವಳ ಗತಿಯೇನು? ರಮಾಬಾಯಿಯವರ ಮುಂದಿನ ಬದುಕೆಲ್ಲ ಈ ಒಂದು ಪ್ರಶ್ನೆಗೆ ಉತ್ತರವೆನ್ನಬಹುದು.

ಅಮೆರಿಕೆಯಲ್ಲಿ ಊರೂರು ತಿರುಗಿ ಭಾಷಣ ಮಾಡಿ, ಬಾಸ್ಟನ್ನಿನಲ್ಲಿ ತಮ್ಮ ಹೆಸರಿನ ಸಹಾಯಕ ಸಂಘವನ್ನು ಕಟ್ಟಿಸಿ, ಅವರು ಸ್ವದೇಶಕ್ಕೆ ಮರಳಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ಆರಂಭವಾಯಿತು. ಮೊದಲು ಬಂದವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬರು. ಇವರೇ ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದ ಆನಂದೀಬಾಯಿ. ಮರುವರ್ಷ ಸದನವು ಪುಣೆಗೆ ಬಂದಿತು. ಹಸಿವು, ಹೊಡೆತ, ತಲೆಬೋಳಿಸುವ ಅವಮಾನಗಳಿಂದ ಕಂಗೆಟ್ಟವರಿಗೆ ಅಲ್ಲಿ ಊಟ, ಓದು, ಒಂದು ಕಸುಬು ದೊರೆತವು.

ಆದರೆ ಕಷ್ಟವೂ ಬಂದಿತು. ಸದನದಲ್ಲಿ ಮತಾಂತರ ನಡೆಯುತ್ತಿದೆಯೆಂದು 1893ರಲ್ಲಿ ಕೂಗೆದ್ದಿತು. ರಾನಡೆ, ಭಂಡಾರಕರರಂಥ ಹಿತೈಷಿಗಳೇ ಸಲಹಾ ಮಂಡಲಿಯನ್ನು ಬಿಟ್ಟರು. ಅನೇಕರು ತಮ್ಮ ಹುಡುಗಿಯರನ್ನು ಕರೆದೊಯ್ದರು. ನಂಬಿ ಕಳುಹಿಸಿದವರ ಕಳವಳವನ್ನು ಸುಳ್ಳೆನ್ನಲಾಗದು. ಹಾಗೆಯೇ, ಆ ಹುಡುಗಿಯರಿಗೆ ಬಾಗಿಲು ತೆರೆದವರು ಆಗ ತೀರ ಕೆಲವರೆಂಬುದನ್ನೂ ಮರೆಯಲಾಗದು. ಕರ್ವೆಯವರು 1896ರಲ್ಲಿ ವಿಧವೆಯರ ಆಶ್ರಮವನ್ನು ತೆರೆದು ಆ ಕೊರತೆಯನ್ನು ತುಂಬತೊಡಗಿದರು.

1896–97ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರಗಾಲ ಬಂದಾಗ, ಬಾಲ್ಯದ ಹಸಿವನ್ನು ಮರೆಯದ ರಮಾಬಾಯಿಯವರು ಅಲ್ಲಿಗೆ ಧಾವಿಸಿದರು. ಅನಾಥ ಹುಡುಗಿಯರನ್ನು ಪುಸಲಾಯಿಸಿ ಮಾರುವವರು ಗಂಜಿಕೇಂದ್ರಗಳ ಸುತ್ತ ಹೊಂಚುಹಾಕಿದ್ದರು. ಅವರ ಕೈಗೆ ಸಿಕ್ಕದಂತೆ ನೂರಾರು ಮಂದಿಯನ್ನು ಕರೆತಂದರು. 1897ರ ಪ್ಲೇಗಿನ ಕಾಲದಲ್ಲಿ, ಆಸ್ಪತ್ರೆಗೆ ಒಯ್ದ ತಮ್ಮ ಹುಡುಗಿಯೊಬ್ಬಳನ್ನು ಅಲ್ಲಿನ ಕಾವಲುಗಾರನು ತನ್ನ ವಶಮಾಡಿಕೊಂಡನೆಂದು ‘ಬಾಂಬೆ ಗಾರ್ಡಿಯನ್’ ಪತ್ರಿಕೆಯಲ್ಲಿ ಬಹಿರಂಗವಾಗಿ ದೂರಿದರು. ಗವರ್ನರರು ಅಲ್ಲಗಳೆದರೂ ಅವರು ಬಾಯಿ ಮುಚ್ಚಲಿಲ್ಲ. ಅನ್ಯಾಯಕ್ಕೆ ಸಿಕ್ಕಿದವಳದೇ ತಪ್ಪೆಂದು ಲೋಕವು ಮುಖ ತಿರುಗಿಸುತ್ತಿದ್ದ ಕಾಲ ಅದು. ಅಂಥ ಹೆಂಗಸರಿಗಾಗಿಯೇ ‘ಕೃಪಾ ಸದನ’ವನ್ನು ತೆರೆದರು.

ಕೇಡಗಾಂವಿನ ಬಯಲಿನಲ್ಲಿ ಮುಕ್ತಿ ಬೆಳೆಯಿತು. 1900ರ ಗುಜರಾತಿನ ಬರದ ಬಳಿಕ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಬಂದಿತ್ತು. ಒಕ್ಕಲುತನ, ನೇಯ್ಗೆ, ಎಣ್ಣೆಗಾಣ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೂ ಅಲ್ಲಿ ಪಾಠವಿತ್ತು. ಬಂದವಳು ಜೀವನಪೂರ್ತಿ ಅನ್ನಕ್ಕೆ ಕೈಯೊಡ್ಡಬಾರದು, ದುಡಿದು ಉಣ್ಣಬೇಕು ಎಂಬುದು ರಮಾಬಾಯಿಯವರ ನಿಯಮ. 1912ರ ಸುಮಾರಿಗೆ ಕಲಬುರ್ಗಿಯಲ್ಲಿಯೂ ಶಾಲೆ ತೆರೆದರು. ಮಗಳು ಮನೋರಮೆ ಅದರ ಹೊಣೆ ಹೊತ್ತರು. 1921ರಲ್ಲಿ ಮಗಳು ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾಯಿಯೂ ಹೋದರು.

ಅಂದು ರಮಾಬಾಯಿಯವರು ದಾನದ ಹಣದಿಂದ ಮಾಡಿದ್ದು ಇಂದು ಹಕ್ಕಾಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ಪೀಡಿತಳು ವಾಸವಿರುವ ಮನೆಯಿಂದ ಆಕೆಯನ್ನು ಕಾನೂನುಬಾಹಿರವಾಗಿ ಹೊರದೂಡುವಂತಿಲ್ಲ. ರಕ್ಷಣಾಧಿಕಾರಿಯ ನೆರವು, ಆಶ್ರಯಧಾಮ, ಜೀವನಾಂಶಗಳನ್ನು ಆಕೆ ಕೇಳಬಹುದು. 1987ರ ಕಾಯಿದೆಯ ಮೇರೆಗೆ ಆದಾಯವೆಷ್ಟಿದ್ದರೂ ಹೆಂಗಸಿಗೆ ಉಚಿತ ವಕೀಲರ ಸಹಾಯವುಂಟು. ಅಪರಾಧಕ್ಕೆ ಬಲಿಯಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರ ಕೋರಬಹುದು. 181 ಸಂಖ್ಯೆಗೆ ಕರೆ ಮಾಡಿದರೆ ಮಹಿಳಾ ಸಹಾಯವಾಣಿ ದೊರೆಯುತ್ತದೆ.

ಆದರೆ ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಊರು ಬಿಟ್ಟು ಬಂದ ನಮ್ಮ ಹೆಣ್ಣುಮಕ್ಕಳಿಗೆ ತವರು ಒಂದು ರಾತ್ರಿಯ ರೈಲಿನಷ್ಟು ದೂರ. ಇಲ್ಲಿನ ಭಾಷೆಯಲ್ಲಿ ಠಾಣೆಯ ಮೆಟ್ಟಿಲೇರಿ ದೂರು ಹೇಳುವ ಧೈರ್ಯವೂ ಎಲ್ಲರಿಗಿಲ್ಲ. ಪಕ್ಕದ ಮನೆಯಿಂದ ಅಳು ಕೇಳಿದಾಗ, ಅದು ಅವರ ಮನೆಯ ವಿಷಯವೆಂದು ನಾವು ರೇಡಿಯೋದ ಸದ್ದನ್ನು ಏರಿಸಿಕೊಳ್ಳಬಾರದು. ಬಾಗಿಲು ತೆರೆದು, ಏನಮ್ಮಾ ಎಂದು ಕನ್ನಡದಲ್ಲಿ ವಿಚಾರಿಸಿ, ಠಾಣೆಗಾಗಲಿ ವಕೀಲರಲ್ಲಿಗಾಗಲಿ ಜೊತೆಗೆ ಹೋಗಬೇಕು. ರಾಜ್ಯೋತ್ಸವದಂದು ತಾಯಿ ಭುವನೇಶ್ವರಿಗೆ ಕೈಮುಗಿಯುವ ನಾವು, ಗಂಗಾಮೂಲದ ಆ ಮಗಳನ್ನೂ ನೆನೆದು ಅಷ್ಟನ್ನಾದರೂ ಮಾಡೋಣ.