ಕೆರೆಗಳ ಲೆಕ್ಕ ಬರೆದ ಸ್ಯಾಂಕಿ

ಮಲ್ಲೇಶ್ವರ ಮತ್ತು ಸದಾಶಿವನಗರದ ನಡುವಿನ ಸ್ಯಾಂಕಿ ಕೆರೆಯ ದಂಡೆಯಲ್ಲಿ ದಿನವೂ ನೂರಾರು ಜನ ವಾಯುವಿಹಾರ ಮಾಡುತ್ತಾರೆ. ಆ ಹೆಸರಿನ ಹಿಂದಿನ ವ್ಯಕ್ತಿಯನ್ನು ಬಲ್ಲವರು ವಿರಳ. ಬಲ್ಲವರೂ ರಿಚರ್ಡ್ ಸ್ಯಾಂಕಿ ಅವರನ್ನು ಅಠಾರಾ ಕಚೇರಿ, ಕಬ್ಬನ್ ಉದ್ಯಾನ ಹಾಗೂ ಸರ್ಕಾರಿ ವಸ್ತುಸಂಗ್ರಹಾಲಯದ ನಿರ್ಮಾಪಕರೆಂದೇ ಸ್ಮರಿಸುವುದು ವಾಡಿಕೆ. ಆದರೆ ಈ ನಾಡಿಗೆ ಅವರಿಂದ ಸಂದ ಹಿರಿಯ ಕೊಡುಗೆ ಕಣ್ಣಿಗೆ ಕಾಣುವಂಥದ್ದಲ್ಲ. ನೀರನ್ನು ಊರಿನ ಗಡಿಯಿಂದ ಅಳೆಯದೆ ಕಣಿವೆಯಿಂದ ಅಳೆಯಬೇಕೆಂಬ ಕ್ರಮವನ್ನು ಅವರು ಸರ್ಕಾರದ ಕಾರ್ಯಪದ್ಧತಿಯಾಗಿಸಿದರು.

1829ರ ಮಾರ್ಚ್ 22ರಂದು ಐರ್ಲೆಂಡಿನ ಟಿಪ್ಪರೇರಿಯಲ್ಲಿ ಜನಿಸಿದ ಸ್ಯಾಂಕಿ, ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೂಂಬ್ ಸೈನಿಕ ಶಾಲೆಯಲ್ಲಿ ಕಲಿತು 1846ರಲ್ಲಿ ಮದ್ರಾಸ್ ಎಂಜಿನಿಯರ್ಸ್ ದಳವನ್ನು ಸೇರಿದರು. ಆ ದಳದ ಅಧಿಕಾರಿಗಳ ಕೈಕೆಳಗೆ ದುಡಿಯುತ್ತಿದ್ದ ಮದ್ರಾಸ್ ಸ್ಯಾಪರ್ಸ್ ಪಡೆ 1834ರಲ್ಲಿಯೇ ಬೆಂಗಳೂರು ದಂಡಿಗೆ ಬಂದು ನೆಲೆಯೂರಿತ್ತು. ಅದರ ಇಂದಿನ ರೂಪವಾದ ಎಂಇಜಿ ಕೇಂದ್ರ ಈಗಲೂ ಹಲಸೂರು ಕೆರೆಯ ಮಗ್ಗುಲಲ್ಲಿದೆ. 1857ರ ದಂಗೆಯ ಕಾಲದಲ್ಲಿ ಉತ್ತರ ಭಾರತದಲ್ಲಿ ಸೇವೆ ಸಲ್ಲಿಸಿದ ಸ್ಯಾಂಕಿ, 1861ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. 1864ರಲ್ಲಿ ಮುಖ್ಯ ಎಂಜಿನಿಯರ್ ಆದರು. ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು.

ಹೊಸ ಕೆರೆಗಳನ್ನು ಕಟ್ಟಿಸುವ ಉತ್ಸಾಹ ಅಧಿಕಾರಿಗಳಿಗೆ ಸಹಜವಾಗಿತ್ತು. ಸ್ಯಾಂಕಿ ಕಂಡ ವಾಸ್ತವ ಬೇರೆಯಾಗಿತ್ತು. ಸಂಸ್ಥಾನದ ನೆಲದಲ್ಲಿ ಶೇ 60ರಷ್ಟು ಭಾಗದ ಮಳೆನೀರು ಆಗಲೇ ಒಂದಿಲ್ಲೊಂದು ಕೆರೆಗೆ ಸೇರುತ್ತಿತ್ತೆಂದೂ, ಹೊಸ ಕೆರೆಗೆ ತಾಣ ಹುಡುಕುವುದೇ ಕಷ್ಟವೆಂದೂ ಅವರು 1866ರ ಹೊತ್ತಿಗೆ ವರದಿ ಮಾಡಿದರು. ಇದೆಲ್ಲವೂ ಸಾಹೇಬರು ಬರುವ ಮುನ್ನ ನೂರಾರು ವರ್ಷ ಇಲ್ಲಿನ ಒಡ್ಡರು, ರೈತರು, ಪಾಳೆಯಗಾರರು, ದಾನಿಗಳು ಮಾಡಿದ ಕೆಲಸವೆಂಬುದನ್ನು ಅವರು ಮರೆಮಾಚಲಿಲ್ಲ.

ಬಯಲುಸೀಮೆಯ ಕೆರೆಗಳು ಒಂದಕ್ಕೊಂದು ಹೆಣೆದುಕೊಂಡ ಸರಣಿಗಳು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಮೇಲಿನವರು ಕೋಡಿಯನ್ನು ಒಂದಡಿ ಎತ್ತರಿಸಿದರೆ ಕೆಳಗಿನವರ ಗದ್ದೆ ಒಣಗುತ್ತದೆ. ಮೇಲಿನ ಏರಿ ಒಡೆದರೆ ಆ ಹೊಡೆತಕ್ಕೆ ಕೆಳಗಿನ ಏರಿಗಳೂ ಒಂದರ ಹಿಂದೊಂದು ಕೊಚ್ಚಿಹೋಗುತ್ತವೆ. ಆದ್ದರಿಂದ ಬಿಡಿ ಕೆರೆಯ ದುರಸ್ತಿಗೆ ಅರ್ಥವಿಲ್ಲವೆಂದು ಸ್ಯಾಂಕಿ ನಿರ್ಧರಿಸಿದರು. ಇದಕ್ಕಾಗಿಯೇ ನೀರಾವರಿ ಇಲಾಖೆಯೊಂದು ರೂಪುಗೊಂಡಿತು. ಪ್ರತಿ ಕಣಿವೆಯ ಜಲಾನಯನ ಪ್ರದೇಶವನ್ನು ಅಳೆಯುವುದು, ಒಂದೊಂದು ಕೆರೆಗೂ ಎಷ್ಟು ನೆಲದ ನೀರು ಬರುತ್ತದೆಂದು ಗೊತ್ತುಮಾಡುವುದು, ಅದಕ್ಕೆ ತಕ್ಕಂತೆ ಕೆರೆಯ ಗಾತ್ರ ಮತ್ತು ಕೋಡಿಯ ಅಳತೆಯನ್ನು ನಿಗದಿಪಡಿಸುವುದು ಅದರ ಕೆಲಸ. ಮೇಲಿನವರಿಗೂ ಕೆಳಗಿನವರಿಗೂ ಪಾಲು ಉಳಿಯುವಂತೆ ನೋಡುವ ಲೆಕ್ಕವಿದು.

ಈ ಲೆಕ್ಕದ ಹಿಂದೆ ಕಂದಾಯದ ಆಸೆಯೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಕೆಲಸ ನಿಧಾನವಾಗಿ ಸಾಗಿತು. ಅಷ್ಟರಲ್ಲಿ 1876ರಿಂದ 1878ರವರೆಗಿನ ಮಹಾಕ್ಷಾಮ ಬಂದೆರಗಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಮಳೆಯೇ ಬಾರದಾಗ ಎಂತಹ ಕೆರೆಯೂ ತುಂಬದು. ಕೆರೆಯ ಲೆಕ್ಕವೊಂದೇ ಸಾಲದು, ಧಾನ್ಯದ ಲೆಕ್ಕವೂ ಇರಬೇಕೆಂಬ ಪಾಠವನ್ನು ಆ ಕ್ಷಾಮ ಕಠೋರವಾಗಿ ಕಲಿಸಿತು.

ಬೆಂಗಳೂರಿನಲ್ಲಿಯೂ ಬವಣೆ ತಪ್ಪಿರಲಿಲ್ಲ. 1809ರಲ್ಲಿ ಸ್ಥಾಪನೆಯಾದ ದಂಡು, ಹಲಸೂರು ಕೆರೆ ಮತ್ತು ಸುತ್ತಲಿನ ಚಿಕ್ಕ ಕೆರೆ, ಬಾವಿಗಳನ್ನೇ ನೆಚ್ಚಿ ಬೆಳೆದಿತ್ತು. ಊರಿನ ಹೆಚ್ಚುತ್ತಿದ್ದ ನೀರಿನ ಅಗತ್ಯಕ್ಕಾಗಿ 1882ರಲ್ಲಿ ರೂಪುಗೊಂಡ ಕೆರೆಗೆ ಸ್ಯಾಂಕಿ ಅವರ ಹೆಸರೇ ನಿಂತಿತು. ಪಕ್ಕದಲ್ಲಿ ಗಂಧದ ಕೋಠಿ ಇದ್ದುದರಿಂದ ಜನ ಅದನ್ನು ಗಂಧದ ಕೋಠಿ ಕೆರೆಯೆಂದೂ ಕರೆದರು.

ಸ್ಯಾಂಕಿ ಅವರ ಖ್ಯಾತಿ ಸಂಸ್ಥಾನದ ಗಡಿಯನ್ನು ದಾಟಿತ್ತು. 1870ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಸರ್ಕಾರ ಅವರನ್ನು ಕರೆಸಿಕೊಂಡು ನೀರು ಸರಬರಾಜು ವಿಚಾರಣಾ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿತು. 1877ರಲ್ಲಿ ಅವರು ಮೈಸೂರನ್ನು ಬಿಟ್ಟು ಸಿಮ್ಲಾಕ್ಕೆ ತೆರಳಿದರು. ಎರಡನೆಯ ಆಫ್ಘನ್ ಯುದ್ಧದ ಬಳಿಕ ಮದರಾಸು ಸರ್ಕಾರದ ಲೋಕೋಪಯೋಗಿ ಇಲಾಖೆಯ ಕಾರ್ಯದರ್ಶಿಯಾದರು. 1884ರಲ್ಲಿ ಸೈನ್ಯದಿಂದ ನಿವೃತ್ತರಾಗಿ, 1896ರವರೆಗೆ ಐರ್ಲೆಂಡಿನ ಲೋಕೋಪಯೋಗಿ ಮಂಡಲಿಯ ಅಧ್ಯಕ್ಷರಾಗಿದ್ದರು. 1908ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಅವರು ಹೊರಟುಹೋದ ಮೇಲೆ ಅದೇ ಪ್ರಶ್ನೆ ಎರಡು ಸರ್ಕಾರಗಳ ನಡುವೆ ಎದ್ದಿತು. ಮೈಸೂರು ತನ್ನ ಕೆರೆಗಳನ್ನು ಹೆಚ್ಚಿಸಿಕೊಂಡರೆ ಕೆಳಗಿನ ತನಗೇನು ಉಳಿದೀತೆಂದು ಮದರಾಸು ತಕರಾರು ತೆಗೆಯಿತು. 1892ರ ಒಪ್ಪಂದ ಹುಟ್ಟಿದ್ದು ಹೀಗೆ. ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಜಲನೀತಿ ಹೊರಬಿದ್ದದ್ದು 1987ರಲ್ಲಿ. ನೀರಿನ ಯೋಜನೆಗೆ ನದಿಯ ಜಲಾನಯನವೇ ಘಟಕವಾಗಬೇಕೆಂದು ಅದು ಸಾರಿತು. 2002 ಮತ್ತು 2012ರ ನೀತಿಗಳೂ ಅದನ್ನೇ ಒಪ್ಪಿದವು. ಇಲ್ಲಿನ ಕಣಿವೆಗಳಲ್ಲಿ ಆ ತತ್ವದ ಕೆಲಸ ಶತಮಾನದ ಹಿಂದೆಯೇ ನಡೆದಿತ್ತು.

ಬೆಂಗಳೂರು ಮಾತ್ರ ಅದನ್ನು ಮರೆಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದಿತು, ಮುಂದೆ ತಿಪ್ಪಗೊಂಡನಹಳ್ಳಿಯಿಂದ, ಬಳಿಕ ಕಾವೇರಿಯಿಂದ. ದೂರದ ನೀರು ನಲ್ಲಿಗೆ ಬಂದಂತೆ ಹತ್ತಿರದ ಕೆರೆ ಬರಿಯ ನಿವೇಶನವಾಗಿ ಕಂಡಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆಯಲ್ಲಿ ಫುಟ್ಬಾಲ್ ಮೈದಾನ ಎದ್ದಿತು. ದೊಮ್ಮಲೂರಿನಾಚೆ ಚಳ್ಳಘಟ್ಟ ಕೆರೆಯ ಅಂಗಳದಲ್ಲಿ ಗಾಲ್ಫ್ ಆಟ ನಡೆಯುತ್ತಿದೆ. ಉಳಿದ ಹಲಸೂರು ಕೆರೆಗೆ ರಾಜಕಾಲುವೆಗಳು ಮಳೆನೀರಿನೊಡನೆ ಕೊಳಚೆಯನ್ನೂ ತಂದವು. ಅದರ ಹೆಚ್ಚುವರಿ ನೀರು ಸೇರುವ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ಲೋಕವೇ ಕಂಡಿತು. ಹೆಬ್ಬಾಳ ಕಣಿವೆಯ ನೀರು ಕಲ್ಕೆರೆ, ರಾಂಪುರಗಳ ಮೂಲಕ ಕೆ.ಆರ್. ಪುರದ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಇಳಿಯುತ್ತದೆ. ಎರಡೂ ಸರಣಿಗಳು ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತವೆ. ನಾವು ಮಾಡಿದ್ದನ್ನು ಕೆಳಗಿನವರು ಉಣ್ಣಬೇಕು.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರದ ಪೂರ್ವ ಅಂಚಿನ ಬಡಾವಣೆಗಳು ಟ್ಯಾಂಕರಿಗೆ ಕಾದು ನಿಂತವು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ನೂರು ಕಿಲೋಮೀಟರ್ ಆಚೆಯ ನದಿ ಎಷ್ಟು ಕಾಲ, ಯಾರ ಪಾಲಿನಲ್ಲಿ ನಮ್ಮನ್ನು ಸಾಕೀತು? ಸ್ಯಾಂಕಿ ಅವರ ಕಟ್ಟಡಗಳನ್ನು ನಾವು ಜೋಪಾನವಾಗಿ ಉಳಿಸಿಕೊಂಡಿದ್ದೇವೆ. ಯಾವ ಕೆರೆಗೆ ಯಾವ ನೆಲದ ನೀರು ಎಂಬ ಅವರ ಲೆಕ್ಕವನ್ನು ಮತ್ತೆ ಬರೆದುಕೊಳ್ಳುವುದು ಬಾಕಿಯಿದೆ.