ಮಡಿಲಿನ ಮಹತ್ವವನ್ನು ಸಾರಿದ ಡಾಕ್ಟರ್ ಜಾನ್ ಬೋಲ್ಬಿ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಮಗುವೊಂದನ್ನು ದತ್ತು ತೆಗೆದುಕೊಂಡವರೂ, ತೀರಿಹೋದ ಒಡಹುಟ್ಟಿದವರ ಮಕ್ಕಳನ್ನು ತಂದು ಸಾಕುತ್ತಿರುವವರೂ ಅನೇಕರಿದ್ದಾರೆ. ಹೊಸ ಮನೆಗೆ ಬಂದ ಮಗು ರಾತ್ರಿಯೆಲ್ಲ ಅಳುವುದು, ಎತ್ತಿಕೊಂಡರೆ ಮೈಯನ್ನು ಸೆಟೆಸಿ ಕೊಸರಿಕೊಳ್ಳುವುದು ಅವರಿಗೆ ಗೊತ್ತಿರುವ ಸಂಗತಿ. ಇಂತಹ ಅಳುವಿನ ಅರ್ಥವನ್ನು ಅರಿಯುವುದಕ್ಕಾಗಿಯೇ ತಮ್ಮ ಆಯುಷ್ಯವನ್ನು ಸವೆಸಿದ ಮಹನೀಯರೊಬ್ಬರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಜಾನ್ ಬೋಲ್ಬಿ ಅವರು 1907ನೆಯ ಇಸವಿ ಫೆಬ್ರವರಿ 26ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಸರ್ ಆಂಟನಿ ಬೋಲ್ಬಿ ಪ್ರಖ್ಯಾತ ಶಸ್ತ್ರವೈದ್ಯರು. ಮನೆಯಲ್ಲಿ ಸಿರಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತಾಯಿಯ ಸಾನ್ನಿಧ್ಯಕ್ಕೆ. ಅಂದಿನ ಇಂಗ್ಲೆಂಡಿನ ಮೇಲ್ವರ್ಗದ ಪದ್ಧತಿಯಂತೆ ಆರು ಮಂದಿ ಮಕ್ಕಳು ದಾದಿಯರ ಕೈಯಲ್ಲಿ ಬೆಳೆದರು. ಸಂಜೆಯ ಚಹಾದ ಬಳಿಕ ಒಂದು ತಾಸು ಮಾತ್ರ ತಾಯಿಯ ದರ್ಶನ. ಬಾಲಕ ಜಾನ್ ತಾಯಿಯಂತೆ ನೆಚ್ಚಿಕೊಂಡಿದ್ದುದು ಮಿನ್ನಿ ಎಂಬ ದಾದಿಯನ್ನು. ಆತನಿಗೆ ಸುಮಾರು ನಾಲ್ಕು ವರ್ಷವಾದಾಗ ಆಕೆ ಕೆಲಸ ಬಿಟ್ಟು ಹೊರಟುಹೋದಳು. ಆ ಅಗಲಿಕೆಯನ್ನು ಅವರು ಜೀವಮಾನದಲ್ಲಿ ಮರೆಯಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಸತಿಶಾಲೆಗೆ ಕಳುಹಿಸಲ್ಪಟ್ಟು ಇನ್ನೊಮ್ಮೆ ಅದೇ ನೋವನ್ನು ಅನುಭವಿಸಿದರು.

ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿದ ತರುವಾಯ ಅವರು ದಾರಿತಪ್ಪಿದ ಮಕ್ಕಳ ಶಾಲೆಯೊಂದರಲ್ಲಿ ಕೆಲವು ಕಾಲ ದುಡಿದರು. ಅಲ್ಲಿ ಕಳ್ಳತನಕ್ಕಾಗಿ ಹಿಂದಿನ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗನೊಬ್ಬನಿದ್ದನು. ಆತ ಯಾರೊಡನೆಯೂ ಸೇರುತ್ತಿರಲಿಲ್ಲ. ಇನ್ನೊಬ್ಬ ಏಳೆಂಟು ವರ್ಷದ ಬಾಲಕನೋ ನೆರಳಿನಂತೆ ಬೋಲ್ಬಿಯವರ ಬೆನ್ನು ಬಿಡುತ್ತಿರಲಿಲ್ಲ. ಈ ಇಬ್ಬರೇ ಅವರ ಮುಂದಿನ ಮಾರ್ಗವನ್ನು ನಿಶ್ಚಯಿಸಿದರು ಎನ್ನಬಹುದು. ಲಂಡನ್ನಿಗೆ ಮರಳಿ ವೈದ್ಯವಿದ್ಯೆಯನ್ನು ಕಲಿತು 1933ರಲ್ಲಿ ವೈದ್ಯರಾಗಿ, ಮುಂದೆ ಮಕ್ಕಳ ಮನೋರೋಗಗಳ ಚಿಕಿತ್ಸೆಯನ್ನೇ ಕೈಗೊಂಡರು.

1939ರಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾದಾಗ, ಬಾಂಬಿನ ಭಯದಿಂದ ಮಕ್ಕಳನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಲಾಯಿತು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸುವುದು ಅಪಾಯಕರವೆಂದು ಬೋಲ್ಬಿಯವರು ಇಬ್ಬರು ಸಹೋದ್ಯೋಗಿಗಳೊಡನೆ ವೈದ್ಯಪತ್ರಿಕೆಗೆ ಬರೆದು ಎಚ್ಚರಿಸಿದರು. 1944ರಲ್ಲಿ 44 ಮಂದಿ ಬಾಲಚೋರರ ವಿಷಯವಾಗಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರಲ್ಲಿ ಯಾರ ಮೇಲೂ ಮಮತೆಯಿಲ್ಲದ 14 ಮಂದಿಯ ಪೈಕಿ 12 ಮಂದಿ ಎಳವೆಯಲ್ಲಿಯೇ ತಾಯಿಯಿಂದ ದೀರ್ಘಕಾಲ ಅಗಲಿದ್ದವರು. ಉಳಿದ 30 ಮಂದಿಯಲ್ಲಿ ಅಂತಹವರು ಐವರು ಮಾತ್ರ.

ಯುದ್ಧಾನಂತರ ಅವರು ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯವನ್ನು ಸೇರಿದರು. ನಿರ್ಗತಿಕ ಮಕ್ಕಳ ಸ್ಥಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿದ್ಧಪಡಿಸಿದ ವರದಿ 1951ರಲ್ಲಿ ಹೊರಬಿದ್ದಿತು. ಅನ್ನ, ಬಟ್ಟೆ, ಔಷಧಗಳಷ್ಟೇ ಮಗುವಿಗೆ ಸಾಲವು. ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿ ನಿಂತವರ ಎಡೆಬಿಡದ ಅಕ್ಕರೆಯೂ ಬೇಕು. ಅನಾಥ ಶಿಶುವನ್ನು ಆದಷ್ಟು ಬೇಗನೆ ದತ್ತು ಮನೆಗೆ ಸೇರಿಸುವುದು ಲೇಸು ಎಂಬುದು ಅದರ ಸಾರ. ಅವರ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್ನರು ಆಸ್ಪತ್ರೆಯಲ್ಲಿ ಒಂಟಿಯಾಗಿದ್ದ ಎರಡು ವರ್ಷದ ಮಗುವಿನ ಚಲನಚಿತ್ರವನ್ನು 1952ರಲ್ಲಿ ತೋರಿಸಿದರು. ಅಗಲಿದ ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ. ಆಮೇಲೆ ನಿರಾಶೆಯಿಂದ ಮಂಕಾಗುತ್ತದೆ. ಕೊನೆಗೆ ಯಾರೂ ಬೇಡವೆಂಬಂತೆ ಮನಸ್ಸನ್ನು ಮುಚ್ಚಿಕೊಳ್ಳುತ್ತದೆ. ಈ ಮೂರನೆಯ ಅವಸ್ಥೆಯನ್ನು ನೋಡಿದವರು ಮಗು ಹೊಂದಿಕೊಂಡಿತೆಂದು ಸಂತೋಷಪಡುತ್ತಿದ್ದರು. ಅದು ಹೊಂದಿಕೆಯಲ್ಲವೆಂದು ಇವರು ತೋರಿಸಿಕೊಟ್ಟರು.

1969ರಲ್ಲಿ ಪ್ರಕಟವಾದ ತಮ್ಮ ಮಹಾಗ್ರಂಥದ ಮೊದಲ ಸಂಪುಟದಲ್ಲಿ ಬೋಲ್ಬಿಯವರು ತೂಗುವಿಕೆಯ ಪ್ರಯೋಗವೊಂದನ್ನು ವಿವರಿಸಿದ್ದಾರೆ. ಹಸಿವೆ, ನೋವು, ಚಳಿ ಇವಾವುವೂ ಇಲ್ಲದೆ ಅಳುತ್ತಿದ್ದ ಐದು ದಿನದ ಕೂಸುಗಳನ್ನು ಯಂತ್ರದ ತೊಟ್ಟಿಲಲ್ಲಿ ಮೂರು ಅಂಗುಲದಷ್ಟು ಮೇಲೆ ಕೆಳಗೆ ತೂಗಲಾಯಿತು. ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಹೆಚ್ಚು ತೂಗಿದಾಗ ಎಲ್ಲ ಕೂಸುಗಳೂ ಅಳು ನಿಲ್ಲಿಸಿದವು, ಹೃದಯದ ಬಡಿತ ಇಳಿಯಿತು, ಉಸಿರು ಕ್ರಮಬದ್ಧವಾಯಿತು. ಮಗುವನ್ನು ಸೊಂಟದ ಮೇಲೋ ಬೆನ್ನ ಮೇಲೋ ಹೊತ್ತು ಮೆಲ್ಲನೆ ನಡೆಯುವ ಹೆಂಗಸಿನ ಹೆಜ್ಜೆಯ ಗತಿಯೂ ಅದಕ್ಕೆ ಕಡಮೆಯಲ್ಲವೆಂದು ಅವರು ಗುರುತಿಸಿದರು. ಹಳೆಯ ಸೀರೆಯ ಜೋಲಿ ಕಟ್ಟಿ ತೂಗಿದ ನಮ್ಮ ಅಜ್ಜಿಯಂದಿರು ಲೆಕ್ಕವಿಡದೆ ಮಾಡಿದ ಕೆಲಸವೂ ಇದೇ.

ಎತ್ತಿಕೊಂಡರೆ ಮಗು ಕೆಡುತ್ತದೆಂಬ ಭಯಕ್ಕೂ ಉತ್ತರ ದೊರೆಯಿತು. ಅವರ ಸಹಯೋಗಿ ಮೇರಿ ಏನ್ಸ್‌ವರ್ತರು ಅಮೆರಿಕದ ಬಾಲ್ಟಿಮೋರಿನಲ್ಲಿ 26 ಶಿಶುಗಳನ್ನು ಮನೆಮನೆಗೆ ಹೋಗಿ ವರ್ಷಪೂರ್ತಿ ಗಮನಿಸಿದರು. ಅತ್ತೊಡನೆ ತಾಯಿ ಓಗೊಟ್ಟ ಶಿಶುಗಳು ವರ್ಷದ ಕೊನೆಗೆ ಕಡಮೆ ಅಳುತ್ತಿದ್ದವು.

ಬೋಲ್ಬಿಯವರ ವಾದವು ದುಡಿಯುವ ತಾಯಂದಿರ ಮೇಲೆ ಹೊರೆ ಹೊರಿಸುತ್ತದೆಂದು ಆಕ್ಷೇಪಿಸಿದವರುಂಟು. ಎಳವೆಯಲ್ಲಿ ನೊಂದ ಮಗುವೂ ಚೇತರಿಸಿಕೊಳ್ಳಬಲ್ಲದೆಂದು ಮೈಕಲ್ ರಟರ್ ಮೊದಲಾದ ವಿದ್ವಾಂಸರು ತಿದ್ದುಪಡಿ ಹೇಳಿದರು. ದತ್ತು ತಂದೆತಾಯಂದಿರಿಗೆ ಈ ತಿದ್ದುಪಡಿಯೂ ಧೈರ್ಯ ಕೊಡತಕ್ಕದ್ದೇ. ಬೋಲ್ಬಿಯವರು 1990ನೆಯ ಸೆಪ್ಟೆಂಬರ್ 2ರಂದು ತಮ್ಮ 83ನೆಯ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ನಿಧನ ಹೊಂದಿದರು.

ಈ ಚರಿತ್ರೆಯನ್ನು ಬರೆಯಲು ನಮಗೊಂದು ಸ್ವಂತ ಕಾರಣವೂ ಉಂಟು. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ನಾವು ಎರಡು ವರ್ಷದ ಹೆಣ್ಣುಮಗುವೊಂದನ್ನು ದತ್ತು ತಂದೆವು. ರಾತ್ರಿ ಅದು ಅತ್ತಾಗ, ಮುದ್ದು ಹೆಚ್ಚಾದರೆ ಹಟ ಕಲಿಯುತ್ತದೆಂದು ನಂಬಿ, ಎತ್ತಿಕೊಳ್ಳಹೋದ ಮನೆಯಾಕೆಯನ್ನು ತಡೆದವರು ನಾವೇ. ಆರನೆಯ ರಾತ್ರಿ ಮಗು ಅಳಲಿಲ್ಲ. ಗೆದ್ದೆವೆಂದು ಹಿಗ್ಗಿದೆವು. ಆದರೆ ಅದು ಹಗಲಿನಲ್ಲಿಯೂ ಯಾರ ಮುಖವನ್ನೂ ನೋಡದಾಯಿತು. ಬಿದ್ದು ಪೆಟ್ಟಾದರೂ ನಮ್ಮ ಕಡೆಗೆ ಬರದಾಯಿತು. ಆಗ ನಮ್ಮ ತಪ್ಪು ಅರಿವಾಯಿತು.

ಅಂದಿನಿಂದ ಗಲ್ಲಾ ಮುಚ್ಚಿ ಮಧ್ಯರಾತ್ರಿ ಬಂದವರು, ಎಚ್ಚತ್ತ ಮಗುವನ್ನು ಹೆಗಲಿಗೆ ಹಾಕಿಕೊಂಡು ಚಾಳಿನ ಉದ್ದನೆಯ ಪಡಸಾಲೆಯಲ್ಲಿ ನಡೆದಾಡಿದೆವು. ಮೊದಮೊದಲು ಮೈ ಮರದ ಕೊರಡಿನಂತಿರುತ್ತಿತ್ತು. ಕೊಸರಿದರೆ ಕೆಳಗಿಳಿಸಿ ಪಕ್ಕದಲ್ಲಿ ಕುಳಿತೆವು, ಬಲವಂತ ಮಾಡಲಿಲ್ಲ. ಹಲವು ವಾರಗಳ ಮೇಲೆ ಒಂದು ರಾತ್ರಿ ಅದರ ತಲೆ ತಾನಾಗಿ ನಮ್ಮ ಕತ್ತಿಗೆ ಒರಗಿತು. ಮರುದಿನ ಮನೆಯಾಕೆ ನೀರಿಗೆಂದು ಹೊರಟಾಗ ಮಗು ಗಟ್ಟಿಯಾಗಿ ಅತ್ತಿತು. ಆ ಅಳುವನ್ನು ಕೇಳಿ ನಮಗಾದ ಆನಂದ ಅಷ್ಟಿಷ್ಟಲ್ಲ.

ದತ್ತು ಮಗುವನ್ನು ಮನೆಗೆ ತಂದಿರುವ ಬಂಧುಗಳು ಅದರ ಅಳುವಿಗೆ ಹೆದರಬಾರದು; ಅದರ ಮೌನವನ್ನು ಮಾತ್ರ ಕಡೆಗಣಿಸಬಾರದು ಎಂಬುದೇ ನಮ್ಮ ವಿನಂತಿ.