ಕನ್ನಡಿ ರೂಪಿಸಿದ ಬಾಪು ಕಾಣದೇ ಹೋದ ಪ್ರತಿಬಿಂಬ

ಕಲಬುರಗಿ, ಕಮಲಾಪುರದ ಶಾಲೆಗಳಲ್ಲಿ 10ನೇ ತರಗತಿಯ ವಿದ್ಯಾರ್ಥಿಗಳು ಪ್ರತಿವರ್ಷ ದರ್ಪಣ ಸೂತ್ರದ ಲೆಕ್ಕ ಬಿಡಿಸುತ್ತಾರೆ. ವಸ್ತುದೂರ ಮತ್ತು ಪ್ರತಿಬಿಂಬದ ದೂರಗಳ ವ್ಯುತ್ಕ್ರಮಗಳ ಮೊತ್ತವು ಸಂಗಮದೂರದ ವ್ಯುತ್ಕ್ರಮಕ್ಕೆ ಸಮ. 20 ಸೆಂ.ಮೀ. ಸಂಗಮದೂರದ ನಿಮ್ನ ದರ್ಪಣದಿಂದ 60 ಸೆಂ.ಮೀ. ಅಂತರದಲ್ಲಿ ಮೇಣದಬತ್ತಿ ಇಟ್ಟರೆ ಪ್ರತಿಬಿಂಬ ಮೂಡುವುದು 30 ಸೆಂ.ಮೀ. ದೂರದಲ್ಲಿ. ಇದೇ ಸೂತ್ರವನ್ನು ನಕ್ಷತ್ರಗಳಿಗೆ ಅನ್ವಯಿಸುವ ಬೃಹತ್ ಕನ್ನಡಿಯೊಂದು ಭಾರತದಲ್ಲೇ ಸಿದ್ಧವಾಗಬೇಕೆಂದು ಹಟ ತೊಟ್ಟವರು ಖಗೋಳ ವಿಜ್ಞಾನಿ ವೈನು ಬಾಪು.

1927ರ ಆಗಸ್ಟ್ 10ರಂದು ಚೆನ್ನೈನಲ್ಲಿ ಜನಿಸಿದ ಬಾಪು ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದ ಉದ್ಯೋಗಿ. 1956ರವರೆಗೆ ಕಲಬುರಗಿ ಸೀಮೆಯೂ ಸೇರಿದ್ದ ಹೈದರಾಬಾದ್ ರಾಜ್ಯದ ವಿದ್ಯಾರ್ಥಿವೇತನವೇ ಅವರನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿತು. 1949ರಲ್ಲಿ ಅಲ್ಲಿ ಅವರು ಕಂಡುಹಿಡಿದ ಧೂಮಕೇತು ಬಾಪು, ಬಾಕ್, ನ್ಯೂಕರ್ಕ್ ಮೂವರ ಹೆಸರನ್ನೂ ಹೊತ್ತಿದೆ. ನಕ್ಷತ್ರಗಳ ನೈಜ ಪ್ರಕಾಶವನ್ನು ಅಳೆಯಲು ನೆರವಾಗುವ ವಿಲ್ಸನ್–ಬಾಪು ಪರಿಣಾಮ 1957ರಲ್ಲಿ ಪ್ರಕಟವಾಯಿತು.

ವಿದೇಶದಲ್ಲಿಯೇ ನೆಲೆಸುವ ಅವಕಾಶಗಳಿದ್ದರೂ ಬಾಪು ತಾಯ್ನಾಡಿಗೆ ಮರಳಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆ ಹೊತ್ತರು. ಅಲ್ಲಿನ ಮಂಜು, ಮೋಡಗಳಿಂದ ದೂರವಾಗಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿಕೊಂಡರು. ಅಲ್ಲಿ 1968ರಲ್ಲಿ ಸ್ಥಾಪಿತವಾದದ್ದು ಸ್ವದೇಶಿ ನಿರ್ಮಿತ 38 ಸೆಂ.ಮೀ. ದೂರದರ್ಶಕ, 1972ರಲ್ಲಿ ವಿದೇಶದಿಂದ ತರಿಸಿದ 1 ಮೀಟರ್ ದೂರದರ್ಶಕ.

ಮುಂದಿನ ಗುರಿ 2.34 ಮೀಟರ್ ವ್ಯಾಸದ ಕನ್ನಡಿ. ಅದನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರ. ನಕ್ಷತ್ರವು ಅನಂತ ದೂರದಲ್ಲಿರುವುದರಿಂದ ವಸ್ತುದೂರದ ವ್ಯುತ್ಕ್ರಮ ಶೂನ್ಯ. ಪ್ರತಿಬಿಂಬ ಮೂಡುವುದು ಸಂಗಮದೂರದಲ್ಲಿಯೇ. ಈ ಕನ್ನಡಿಗೆ ಅದು ಸುಮಾರು 7.6 ಮೀಟರ್. ಗೋಳೀಯ ಮೇಲ್ಮೈಯಾದರೆ ಅಂಚಿನ ಕಿರಣಗಳು ಬೇರೆಡೆ ಸಂಧಿಸಿ ಬಿಂಬ ಮಸುಕಾಗುತ್ತದೆ. ಆದಕಾರಣ ಮೇಲ್ಮೈಗೆ ಪರವಲಯದ ಆಕಾರ ಕೊಡಲಾಯಿತು. ಎದುರಿಗೆ ಪೀನ ದರ್ಪಣವೊಂದನ್ನು ಅಳವಡಿಸಿದರೆ ಒಟ್ಟು ಸಂಗಮದೂರ ಸುಮಾರು 30 ಮೀಟರಿಗೆ ಏರಿ ಬಿಂಬ ನಾಲ್ಕು ಪಟ್ಟು ಹಿಗ್ಗುತ್ತದೆ.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದ ಬಾಪು, ಹೃದಯ ಶಸ್ತ್ರಚಿಕಿತ್ಸೆಯ ನಂತರ 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. ದೂರದರ್ಶಕ ಇನ್ನೂ ಪೂರ್ಣಗೊಂಡಿರಲಿಲ್ಲ.

1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದಕ್ಕೆ ಬಾಪು ಹೆಸರನ್ನಿಟ್ಟರು. ಎಲ್ಲಿ ಬಿಂಬ ಮೂಡಬೇಕೆಂದು ಬಾಪು ಬಯಸಿದ್ದರೋ, ನಕ್ಷತ್ರಗಳ ಬೆಳಕು ಅಲ್ಲಿಯೇ ಬಂದು ಸೇರಿತು. ಅದನ್ನು ನೋಡಲು ಅವರಿರಲಿಲ್ಲ.